ನೀಲಕ್ಕ ನಿಲ್ಲುವ ಜಾಗ

ನಮ್ಮ ಊರಿನಲ್ಲಿ ಒಂದು ವಾಲ್ವನ್ನು ಕೊನೆಯದಾಗಿ ಬಿಚ್ಚಿ ಕಟ್ಟಿದವರ ಗುಣ ಆ ವಾಲ್ವಿಗೆ ಬರುತ್ತದೆ. ಮತ್ತೊಬ್ಬರು ಬಿಚ್ಚಿ ಕಟ್ಟುವವರೆಗೂ ಅದು ಹಾಗೆಯೇ ಉಳಿಯುತ್ತದೆ. ಮೊಮ್ಮಗನಿಗೆ ಅಜ್ಜನ ಮೂಗು ಬಂದರೆ ಹೇಗೆ ಯಾರೂ ಬೆರಗಾಗುವುದಿಲ್ಲವೋ ಹಾಗೆಯೇ ಇದಕ್ಕೂ ನಮ್ಮಲ್ಲಿ ಯಾರೂ ಬೆರಗಾಗುವುದಿಲ್ಲ. ಹೆಣ್ಣು ಕೊಡುವಾಗ, ಬಾಡಿಗೆ ಮನೆ ಹಿಡಿಯುವಾಗ, ಆ ಬೀದಿಯ ವಾಲ್ವ್ ಯಾರ ಕೈಯದು ಎಂದು ಕೇಳಿಕೊಳ್ಳುವುದು ವಾಡಿಕೆ. ಅಷ್ಟೇ.

ಊರಿನ ಹಿಂದೆ ಗುಡ್ಡವಿದೆ. ಗುಡ್ಡದ ತುದಿಯಲ್ಲಿ ಸ್ವಾಮಿಯ ಗುಡಿ, ಬುಡದಲ್ಲಿ ಹಬೆಯ ಬಾಯಿ. ನೆಲದೊಳಗಿನಿಂದ ಬಿಡುವಿಲ್ಲದೆ ಬರುವ ಆ ಹಬೆಯನ್ನು ನಮ್ಮ ಹಿರಿಯರು ದಪ್ಪ ಕಬ್ಬಿಣದ ಪೈಪುಗಳಲ್ಲಿ ಹಿಡಿದು ಬೀದಿಬೀದಿಗೂ ತಂದರು. ಅದನ್ನು ಸ್ವಾಮಿಯ ಉಸಿರು ಎನ್ನುತ್ತೇವೆ. ನಮ್ಮ ಮನೆಗಳಲ್ಲಿ ಸೌದೆಯಿಲ್ಲ, ಹೊಗೆಯಿಲ್ಲ. ಗಿರಣಿಯಲ್ಲಿ ಭತ್ತ ಬೇಯುವುದು, ಬಣ್ಣದ ಕಾರ್ಖಾನೆಯಲ್ಲಿ ನೂಲು ಕುದಿಯುವುದು, ಹೋಟೆಲಿನಲ್ಲಿ ಇಡ್ಲಿ ಉಬ್ಬುವುದು, ಬಚ್ಚಲಿನ ಹಂಡೆಯಲ್ಲಿ ನೀರು ಕಾಯುವುದು, ಎಲ್ಲವೂ ಆ ಉಸಿರಿನಿಂದಲೇ. ಆದರೆ ಅದರ ಬಲ ಹೆಚ್ಚು. ಹಾಗೆಯೇ ಬಿಟ್ಟರೆ ಹಂಡೆ ಹೆಂಚು ಒಡೆದುಕೊಂಡು ಹಾರಿಹೋಗುತ್ತದೆ. ಆದ್ದರಿಂದ ಪ್ರತಿ ಬೀದಿಯ ತಲೆಯಲ್ಲಿ ಒಂದು ಕಂಟ್ರೋಲ್ ವಾಲ್ವ್ ನಿಂತಿದೆ. ಆಳೆತ್ತರದ ಯಂತ್ರ, ಅಣಬೆಯಂಥ ತಲೆ, ತಲೆಯಿಂದ ಕೆಳಕ್ಕಿಳಿಯುವ ಉಕ್ಕಿನ ದಂಡ, ಪಕ್ಕದಲ್ಲಿ ಗೆರೆಗಳನ್ನು ಕೊರೆದ ಒಂದು ತಗಡು, ಆ ಗೆರೆಗಳ ಮೇಲೆ ದಂಡದ ಜೊತೆಗೆ ಹತ್ತಿ ಇಳಿಯುವ ಒಂದು ಮುಳ್ಳು. ಬೀದಿಗೆ ಹಬೆ ಬೇಕಾದಾಗ ಮುಳ್ಳು ಮೇಲೇರುತ್ತದೆ. ಸಾಕಾದಾಗ ಇಳಿಯುತ್ತದೆ.

ಹೊರಗಿನವರಿಗೆ ಎಲ್ಲ ವಾಲ್ವುಗಳೂ ಒಂದೇ. ಕಂಬಾರ ಬೀದಿಯ ವಾಲ್ವನ್ನು ಕಟ್ಟಿದವನಿಗೆ ಮೂಗಿನ ತುದಿಯಲ್ಲೇ ಕೋಪ. ಅದು ಧಡಾರನೆ ತೆರೆಯುತ್ತದೆ, ಧಡಾರನೆ ಮುಚ್ಚುತ್ತದೆ. ಆ ಬೀದಿಯ ಹೆಂಗಸರು ಪಾತ್ರೆಯ ಮುಚ್ಚಳದ ಮೇಲೆ ರುಬ್ಬುವ ಗುಂಡನ್ನು ಇಟ್ಟು ಅನ್ನ ಮಾಡುತ್ತಾರೆ. ಗಿರಣಿಯ ದೊಡ್ಡ ವಾಲ್ವು ಒಬ್ಬ ಮಾತುಗಾರನ ಕೈಯದು. ದಿನವಿಡೀ ಲೊಟಲೊಟನೆ ಏನೋ ಹೇಳುತ್ತಲೇ ಇರುತ್ತದೆ, ಅಲ್ಲಿಯ ಕೂಲಿಗಳು ನಡುನಡುವೆ ‘ಹೂಂ’ ಎನ್ನುವುದನ್ನು ಕಲಿತಿದ್ದಾರೆ. ಗುಡಿಯ ಬೀದಿಯದನ್ನು ಕಟ್ಟಿದವಳು ಬಲು ನಾಚಿಕೆಯ ಹುಡುಗಿ. ಯಾರಾದರೂ ನೋಡುತ್ತಿದ್ದರೆ ಅದು ತೆರೆಯುವುದಿಲ್ಲ. ಅರ್ಚಕರು ಬೆಳಿಗ್ಗೆ ನೈವೇದ್ಯಕ್ಕೆ ಅಕ್ಕಿ ಇಟ್ಟು, ಬೀದಿಗೆ ಬಂದು, ವಾಲ್ವಿಗೆ ಬೆನ್ನು ಮಾಡಿ ನಿಂತು ಆಕಾಶ ನೋಡುತ್ತಾರೆ.

ನಮ್ಮ ಬೀದಿಯ ವಾಲ್ವನ್ನು ಕಟ್ಟಿದವಳು ನನ್ನ ಹೆಂಡತಿ ನೀಲಾಂಬಿಕೆ.

ನಾವಿಬ್ಬರೂ ವಾಲ್ವ್ ಮನೆಯಲ್ಲಿ ಕೆಲಸ ಮಾಡಿದವರು. ವಾಲ್ವ್ ಮನೆಯೆಂದರೆ ಊರಿನ ವಾಲ್ವುಗಳನ್ನೆಲ್ಲ ನೋಡಿಕೊಳ್ಳುವ ಶೆಡ್ಡು. ಅಲ್ಲಿಯೇ ಅವಳನ್ನು ಮೊದಲು ಕಂಡದ್ದು, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಕೂದಲು ಕಣ್ಣಿಗೆ ಬಿದ್ದರೆ ಹೆಗಲಿನಿಂದ ಸರಿಸುತ್ತಾ. ಅವಳ ಕೈ ಚುರುಕು, ಕಾಲು ಇನ್ನೂ ಚುರುಕು. ಪ್ರತಿ ಸೋಮವಾರ ಗುಡ್ಡ ಹತ್ತುತ್ತಿದ್ದೆವು. ಅವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗಿಬಿಡುತ್ತಿದ್ದಳು, ನಾನು ಹಿಂದೆ. ಮೆಟ್ಟಿಲುಗಳ ನಡುವೆ ಒಂದು ಹೊಂಗೆಮರವಿದೆ. ಅಲ್ಲಿಗೆ ಬಂದಾಗ ನಿಲ್ಲುತ್ತಿದ್ದಳು. ಸೊಂಟದ ಮೇಲೆ ಕೈಯಿಟ್ಟು, ತಿರುಗಿ, “ಬರ್ತಿದೀರೋ ಇಲ್ವೋ?” ಎನ್ನುತ್ತಿದ್ದಳು. ನಾನು “ಬಂದೆ” ಎನ್ನುತ್ತಿದ್ದೆ. ಅವಳ ಪಕ್ಕಕ್ಕೆ ಹೋಗಿ ನಿಲ್ಲುವಷ್ಟು ಉಸಿರು ಎಂದೂ ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಒಂದು ಮೆಟ್ಟಿಲು ಕೆಳಗೆಯೇ ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ನನ್ನ ಮುಖವನ್ನೊಮ್ಮೆ ನೋಡಿ, ಎಲ್ಲ ಸರಿಯಿದೆ ಎಂಬಂತೆ ತಲೆಯಾಡಿಸಿ, ಮತ್ತೆ ತಿರುಗಿದಳೆಂದರೆ ತುದಿಯವರೆಗೂ ನಿಲ್ಲುತ್ತಿರಲಿಲ್ಲ.

ಅವಳು ಕಟ್ಟಿದ ವಾಲ್ವಿನಲ್ಲೂ ಅದೇ ಬಂತು. ಬೆಳಗಿನ ಹೊತ್ತು, ನಮ್ಮ ಬೀದಿಯ ಹೋಟೆಲಿನ ಭುಜಂಗಯ್ಯ ಇಡ್ಲಿಯ ಪೆಟ್ಟಿಗೆಗೆ ಹಬೆ ಬಿಟ್ಟೊಡನೆ ಮುಳ್ಳು ಮೇಲೇರತೊಡಗುತ್ತದೆ. ತಗಡಿನ ನಟ್ಟನಡುವಿನ ಗೆರೆಗೆ ಬಂದು ನಿಲ್ಲುತ್ತದೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಸರಾಗವಾಗಿ ತುದಿಗೆ ಹೋಗುತ್ತದೆ. ನಮ್ಮ ಬೀದಿಯವರು ಅದಕ್ಕೆ ಹೊಂದಿಕೊಂಡಿದ್ದರು. “ನೀಲಕ್ಕ ನಿಂತ್ಲು” ಎಂದು ಒಬ್ಬರು ಅಂದರೆ, ಕಾಫಿಗೆ ನೀರಿಡುವುದು. “ನೀಲಕ್ಕ ಹೊರಟ್ಲು” ಅಂದರೆ, ಪುಡಿ ಹಾಕುವುದು. ಅವಳು ಬದುಕಿದ್ದಾಗ ಇದನ್ನು ಕೇಳಿ, “ನಾನಿಲ್ಲೇ ಹಿಟ್ಟು ಕಲಸ್ತಾ ಕೂತಿದೀನಿ, ಎಲ್ಲಿಗ್ರಪ್ಪಾ ಹೊರಟೆ?” ಎಂದು ಕಿಟಕಿಯಿಂದಲೇ ನಗುತ್ತಿದ್ದಳು.

ಅವಳು ಲಿಂಗೈಕ್ಯಳಾದ ಮೇಲೆ ಆ ನಿಲುಗಡೆಯೊಂದು ನನಗೆ ಉಳಿಯಿತು. ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಬಂದು ವಾಲ್ವಿನ ಎದುರಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಮುಳ್ಳು ಏರುತ್ತಿತ್ತು, ನಡುಗೆರೆಯಲ್ಲಿ ನಿಲ್ಲುತ್ತಿತ್ತು, ತಿರುಗಿ ನನ್ನ ಮುಖ ನೋಡುತ್ತಿತ್ತು. ಶಿವನು ನನ್ನಿಂದ ತೆಗೆದುಕೊಂಡದ್ದು ದೊಡ್ಡದು, ಬಿಟ್ಟುಹೋದದ್ದೂ ಚಿಕ್ಕದಲ್ಲ ಎಂದುಕೊಂಡು ಕೈಮುಗಿದು ಎದ್ದು ಬರುತ್ತಿದ್ದೆ.

ಅಲ್ಲಿಂದ ಮುಂದೆ ನಾನು ಸ್ಪ್ಯಾನರು ಮುಟ್ಟಲಿಲ್ಲ. ದುಃಖದಲ್ಲಿರುವವರು ವಾಲ್ವ್ ಕಟ್ಟಬಾರದು, ಅವರ ಕೈ ತಿಳಿಯಾಗುವವರೆಗೆ ಕಾಯಬೇಕು ಎಂಬುದು ನಮ್ಮ ಊರಿನ ಕಟ್ಟಳೆ. ಹಿಂದೆ ಯಾರೋ ಒಬ್ಬ, ತಾಯಿ ತೀರಿಕೊಂಡ ಸಂಕಟ ಆರುವ ಮೊದಲೇ ಕುಂಬಾರ ಬೀದಿಯ ವಾಲ್ವ್ ಕಟ್ಟಿದನಂತೆ. ಆ ವರ್ಷವೆಲ್ಲ ಅಲ್ಲಿಯ ಹೆಂಗಸರು ಸಾರು ಇಳಿಸುವಾಗ ಕಾರಣವಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಮದುವೆಯ ಊಟಕ್ಕೆ ಕುಳಿತ ಬೀಗರು ಪಾಯಸ ಬಾಯಿಗಿಟ್ಟು ಗೊಳೋ ಎಂದು ಅತ್ತದ್ದನ್ನು ನನ್ನ ಅಜ್ಜಿ ಹೇಳುತ್ತಿದ್ದಳು. ನಾನು ದಿನವೂ ಸ್ನಾನ ಮಾಡಿ ನನ್ನ ಅಂಗೈ ನೋಡಿಕೊಳ್ಳುತ್ತಿದ್ದೆ. ತಿಳಿಯಾಗಿದೆ ಎಂದು ಒಂದು ದಿನವೂ ಅನ್ನಿಸಲಿಲ್ಲ.

ವರ್ಷಕ್ಕೊಮ್ಮೆ ತಂಗಳ ಹಬ್ಬ ಬರುತ್ತದೆ. ಆ ದಿನ ಗುಡ್ಡದ ಬುಡದ ಹೆಬ್ಬಾಗಿಲ ವಾಲ್ವ್ ಮುಚ್ಚುತ್ತಾರೆ. ಊರಿಗೆಲ್ಲ ಹಬೆಯಿಲ್ಲ. ಹಿಂದಿನ ದಿನವೇ ಮಾಡಿಟ್ಟ ಹೋಳಿಗೆ, ಬುತ್ತಿ, ಚಿತ್ರಾನ್ನ, ಕೋಸಂಬರಿ ಕಟ್ಟಿಕೊಂಡು ಜನರೆಲ್ಲ ಬೀದಿಗೆ ಬರುತ್ತಾರೆ. ದುರಸ್ತಿಯ ಸರದಿ ಬಂದ ವಾಲ್ವುಗಳನ್ನು ಬಿಚ್ಚಿ, ಚಾಪೆಯ ಮೇಲೆ ಹರಡಿ, ತೊಳೆದು, ಉಜ್ಜಿ, ಹೊಸ ಪ್ಯಾಕಿಂಗ್ ಹಾಕಿ, ಸಂಜೆಯೊಳಗೆ ಕಟ್ಟುತ್ತಾರೆ. ಈಗ ವಾಲ್ವ್ ಮನೆಯ ಮೇಸ್ತ್ರಿ ಕಮಲಾಕ್ಷಿ. ನೀಲಾಳ ಕೈಕೆಳಗೆ ಕಲಿತವಳು, ಅವಳನ್ನು ಅವ್ವ ಎಂದೂ ನನ್ನನ್ನು ಅಪ್ಪಾಜಿ ಎಂದೂ ಕರೆಯುವವಳು. ನಮ್ಮ ಬೀದಿಯ ಸರದಿ ಬಂದಾಗಲೆಲ್ಲ ಅವಳು ವಾಲ್ವಿನ ಸುತ್ತ ಒಂದು ಸುತ್ತು ಬಂದು, “ಇನ್ನೊಂದು ವರ್ಷ ನಡೆಯುತ್ತೆ ಬಿಡಿ” ಎಂದು ಮುಂದಿನ ಬೀದಿಗೆ ಹೋಗಿಬಿಡುತ್ತಿದ್ದಳು.

ಹಾಗೆ ನಡೆಯುತ್ತಾ ಬಂದ ವಾಲ್ವು ಈಚೆಗೆ ಅಷ್ಟು ಸರಿಯಾಗಿ ನಡೆಯುತ್ತಿರಲಿಲ್ಲ. ನಡುಗೆರೆಯಲ್ಲಿ ನಿಲ್ಲುವ ಹೊತ್ತು ಬೆಳೆಯಿತು. ಒಂದು ಉಸಿರಿನಷ್ಟಿದ್ದದ್ದು ಒಂದು ಶ್ಲೋಕದಷ್ಟಾಯಿತು, ಆಮೇಲೆ ಒಂದು ಪೂಜೆಯಷ್ಟಾಯಿತು. ನನಗೆ ಸಂತೋಷವೇ ಆಯಿತು. ಹೆಚ್ಚು ಹೊತ್ತು ನೋಡುತ್ತಿದ್ದಾಳೆ ಎಂದುಕೊಂಡೆ. ಬೀದಿಯವರಿಗೂ ಸಂತೋಷವೇ ಎಂದು ನಂಬಿದ್ದೆ. ಭುಜಂಗಯ್ಯನ ಇಡ್ಲಿ ಚಪ್ಪಟೆಯಾಗಿ ಬರುತ್ತಿತ್ತು. ಕೇಳಿದರೆ, “ಉದ್ದು ಸರಿಯಿಲ್ಲ ಮರುಳಪ್ಪಣ್ಣ, ಈ ವರ್ಷದ ಉದ್ದೇ ಹಾಗೆ” ಎನ್ನುತ್ತಿದ್ದ. ಎದುರು ಮನೆಯಲ್ಲಿ ಹಬೆಯ ಇಸ್ತ್ರಿ ಹಾಕುವ ದಾದಾಪೀರನ ಅಂಗಡಿಯಲ್ಲಿ ಬಟ್ಟೆ ಸುಕ್ಕಾಗಿಯೇ ಉಳಿಯುತ್ತಿತ್ತು. ಅವನು, “ಅಣ್ಣ, ಈಗ ಸುಕ್ಕಿಂದೇ ಫ್ಯಾಶನ್ನು” ಎಂದುಬಿಟ್ಟ. ನಾನು ನಂಬಿದೆ.

ಆ ಸಮಯಕ್ಕೆ ಪಕ್ಕದ ಮನೆಯ ಸಾಕಮ್ಮನ ಮಗಳು ಮಂಗಳ ಹೆರಿಗೆಗೆ ಬಂದಳು. ಸಾಕಮ್ಮ ನೀಲಾಳ ಗೆಳತಿ. ಬಾಯಿ ಜೋರು, ಮನಸ್ಸು ಅದಕ್ಕಿಂತ ದೊಡ್ಡದು. ಮಂಗಳಳಿಗೆ ಹೆಣ್ಣುಮಗುವಾಯಿತು. ಬೀದಿಗೆಲ್ಲ ಸಕ್ಕರೆ ಹಂಚಿದರು. ಬಾಣಂತಿಯ ಮನೆಯೆಂದರೆ ಬೆಳಿಗ್ಗೆ ಹಂಡೆಗಟ್ಟಲೆ ಬಿಸಿನೀರು ಬೇಕು. ತಾಯಿಗೆ ಮೈ ಬೆಚ್ಚಗಾಗುವಷ್ಟು, ಮಗುವಿಗೆ ಹದವಾಗಿ. ನಾನು ಅದನ್ನು ಯೋಚಿಸಲಿಲ್ಲ.

ಒಂದು ಬೆಳಿಗ್ಗೆ ಬಿಲ್ವಪತ್ರೆ ಮುಗಿದಿತ್ತು. ತರಲೆಂದು ಎಂದೂ ಹೋಗದ ಹಿತ್ತಲ ಓಣಿಯ ಕಡೆಯಿಂದ ಹೋದೆ. ಓಣಿಯ ತಿರುವಿನಲ್ಲಿ ಒಂದು ಮೆರವಣಿಗೆ ಎದುರಾಯಿತು. ಮುಂದೆ ದಾದಾಪೀರ್, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಬೆಯಾಡುವ ಕೊಡ. ಅವನ ಹಿಂದೆ ಭುಜಂಗಯ್ಯ, ಎರಡು ಕೈಯಲ್ಲೂ ಬಕೆಟ್ಟು. ಅವನ ಹಿಂದೆ ಸಾಕಮ್ಮ, ಸೊಂಟದಲ್ಲಿ ಬಿಂದಿಗೆ. ಕಂಬಾರ ಬೀದಿಯ ಆ ಕೋಪಿಷ್ಠ ವಾಲ್ವಿನ ಹಬೆಯಲ್ಲಿ ಕಾದ ನೀರನ್ನು ಹೊತ್ತು, ನನ್ನ ಕಲ್ಲುಬೆಂಚಿಗೆ ಕಾಣದ ಹಾಗೆ, ಸದ್ದು ಮಾಡದೆ ಬರುತ್ತಿದ್ದರು. ನನ್ನನ್ನು ಕಂಡು ಮೂವರೂ ನಿಂತರು.

“ಏನಿದು?” ಎಂದೆ.

“ಏನಿಲ್ಲ, ವಾಕಿಂಗು” ಎಂದ ಭುಜಂಗಯ್ಯ, ಬಕೆಟ್ಟಿನಿಂದ ಬರುವ ಆವಿಯನ್ನು ಊದಿ ಅತ್ತ ಸರಿಸುತ್ತಾ.

“ಬಕೆಟ್ ಹಿಡ್ಕೊಂಡು?”

“ಡಾಕ್ಟ್ರು ಹೇಳಿದಾರೆ. ಕೈಗೆ ವ್ಯಾಯಾಮ.”

ಸಾಕಮ್ಮ ಅವನನ್ನು ದುರುಗುಟ್ಟಿ ನೋಡಿದಳು. “ಸುಮ್ನಿರಯ್ಯ ಸಾಕು, ನಿನ್ನ ಉದ್ದು, ನಿನ್ನ ವ್ಯಾಯಾಮ! ಮರುಳಪ್ನೋರೆ, ಬೇಜಾರು ಮಾಡ್ಕೋಬ್ಯಾಡಿ. ಬಾಣಂತಿಗೆ ಹೊತ್ತಿಗೆ ಸರಿಯಾಗಿ ನೀರು ಬೇಕು. ಮಗೂಗೆ ನಿನ್ನೆ ತಣ್ಣೀರು ತಾಗಿ ಸೀನಿಬಿಡ್ತು. ನೀಲಕ್ಕ ನಿಂತ್ಲು ಅಂದ್ರೆ ಈಗ ಹೊರಡೋದೇ ಇಲ್ವಲ್ರೀ. ನಾವೇನ್ ಮಾಡಣ?”

“ನನಗೆ ಯಾಕೆ ಹೇಳಲಿಲ್ಲ?”

“ಹೆಂಗೆ ಹೇಳೋದು? ನಿಮ್ ಮುಖ ನೋಡ್ಕೊಂಡು ಹೆಂಗೆ ಹೇಳೋದು?” ಎಂದಳು ಸಾಕಮ್ಮ. ಅವಳ ಜೋರು ಬಾಯಿ ಅಷ್ಟಕ್ಕೇ ಮುಗಿಯಿತು. ದಾದಾಪೀರ್ ಕೊಡ ಹೊತ್ತೇ ತಲೆ ತಗ್ಗಿಸಲು ಹೋಗಿ ಬಿಸಿನೀರು ಚೆಲ್ಲಿಕೊಂಡು, “ಯಾ ಅಲ್ಲಾ!” ಎಂದು ಕುಣಿದ.

ನಾನು ಅವನ ಕೊಡವನ್ನು ಇಳಿಸಿಕೊಂಡು ಸಾಕಮ್ಮನ ಬಚ್ಚಲಿನವರೆಗೆ ಹೊತ್ತುಕೊಂಡು ಹೋದೆ. ಅಲ್ಲಿ, ಬಾಗಿಲ ಬಳಿಯ ತೊಟ್ಟಿಲಿನಲ್ಲಿ, ಕುಲಾವಿಯಿಂದ ಮೂಗಷ್ಟೇ ಕಾಣುವಂತೆ ಮಗು ಮಲಗಿತ್ತು. ನಾನು ನೋಡುತ್ತಿರುವಂತೆಯೇ ಒಂದು ಸಲ ಸೀನಿತು. ಬಿಲ್ವಪತ್ರೆಯ ನೆನಪೇ ಆಗದೆ ಅಲ್ಲಿಂದ ನೇರವಾಗಿ ವಾಲ್ವ್ ಮನೆಗೆ ಹೋದೆ.

ಕಮಲಾಕ್ಷಿ ಒಂದು ಸ್ಪ್ರಿಂಗಿನ ಧೂಳು ಕೊಡವುತ್ತಾ ಕುಳಿತಿದ್ದಳು. “ತಂಗಳ ಹಬ್ಬ ಬಂತು. ನಮ್ಮ ಬೀದಿಯದನ್ನು ಬಿಚ್ಚಬೇಕು” ಎಂದೆ.

ಅವಳು ಸ್ಪ್ರಿಂಗನ್ನು ಕೆಳಗಿಟ್ಟಳು. “ಬಿಚ್ಚಿದ್ರೆ ಅವ್ವನ ಕೈ ಹೋಗುತ್ತೆ ಅಪ್ಪಾಜಿ.”

“ಗೊತ್ತು.”

“ಸರಿ. ಬಿಚ್ಚೋಣ. ಆದ್ರೆ ನಾನು ಬಿಚ್ಚಲ್ಲ. ಅವ್ವನ ಮೇಲೆ ನನ್ನ ಕೈ ಇಡಲ್ಲ. ನೀವೇ ಬಿಚ್ಚಬೇಕು.”

“ನನ್ನ ಕೈ ತಿಳಿಯಾಗಿಲ್ಲ ಮಗಳೇ. ನಾನು ಕಟ್ಟಿದರೆ ಆ ಕೂಸು ಸ್ನಾನದ ನೀರು ಮೈಮೇಲೆ ಬಿದ್ದಾಗಲೆಲ್ಲ ಅಳುತ್ತದೆ.”

“ಕೂಸು ಅಲ್ವಾ, ಹೇಗೂ ಅಳುತ್ತೆ” ಎಂದು ನಕ್ಕಳು. ನಾನು ನಗಲಿಲ್ಲ. ಅವಳು ಸ್ಪ್ರಿಂಗನ್ನು ಮತ್ತೆ ಕೈಗೆತ್ತಿಕೊಂಡು, “ಹಬ್ಬದ ದಿನ ಬನ್ನಿ. ಬರ್ತಾ ಕೈ ತಂದ್ರೆ ಸಾಕು. ಮಿಕ್ಕಿದ್ದು ಸ್ವಾಮಿ ನೋಡ್ಕೋತಾನೆ” ಎಂದಳು.

ಹಬ್ಬದ ಬೆಳಿಗ್ಗೆ ಹೆಬ್ಬಾಗಿಲ ವಾಲ್ವ್ ಮುಚ್ಚಿತು. ಊರಿನ ಪೈಪುಗಳೆಲ್ಲ ಟಿಕ್ ಟಿಕ್ ಎಂದು ತಣ್ಣಗಾದವು. ಎಲ್ಲೆಡೆ ಬಿಳಿಯ ಆವಿ ಇಳಿದು ಆಕಾಶ ಸ್ವಚ್ಛವಾಗಿ ಕಾಣುವುದು ಅದೊಂದೇ ದಿನ. ಬೀದಿಬೀದಿಯಲ್ಲೂ ಚಪ್ಪರ, ಬಾಳೆಯೆಲೆ, ಮಾವಿನ ತೋರಣ. ಸಾಕಮ್ಮ ಬುಟ್ಟಿ ತುಂಬ ಹೋಳಿಗೆ ತಂದಳು. ಭುಜಂಗಯ್ಯ ಹಿಂದಿನ ದಿನವೇ ಇಡ್ಲಿಯನ್ನು ಪುಡಿ ಮಾಡಿ ಒಗ್ಗರಣೆ ಹಾಕಿಟ್ಟು ತಂದಿದ್ದ. “ಇವತ್ತು ಚಪ್ಪಟೆ ಅನ್ನೋ ಹಾಗಿಲ್ಲ, ಪುಡೀನೇ ಮಾಡ್ಬಿಟ್ಟಿದೀನಿ” ಎಂದು ಎಲ್ಲರ ಮುಂದೆಯೂ ಹಿಡಿದ. ಮಂಗಳ ತಲೆಗೆ ಬಟ್ಟೆ ಕಟ್ಟಿಕೊಂಡು ಮಗುವಿನೊಡನೆ ಬಾಗಿಲಲ್ಲಿ ಕುಳಿತಳು. ನಾನು ಮಡಿಯಲ್ಲಿ ಬಂದು ವಾಲ್ವಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಕೈಕಟ್ಟಿ ನಿಂತೆ.

ಕಮಲಾಕ್ಷಿ ಬಂದವಳು ಮೊದಲು ಬಗ್ಗಿ ದಂಡದ ಬುಡವನ್ನು ನೋಡಿದಳು. ದಂಡ ವಾಲ್ವಿನೊಳಗೆ ಇಳಿಯುವ ಜಾಗದಲ್ಲಿ ಹಬೆ ಹೊರಗೆ ಜಿನುಗದಂತೆ ಹಗ್ಗದಂಥ ಪ್ಯಾಕಿಂಗ್ ತುಂಬಿರುತ್ತಾರೆ. ಅದರ ಮೇಲಿನ ನಟ್ಟುಗಳನ್ನು ಬಿಗಿದರೆ ಪ್ಯಾಕಿಂಗ್ ದಂಡವನ್ನು ಅಪ್ಪಿಕೊಳ್ಳುತ್ತದೆ. ಅತಿಯಾಗಿ ಬಿಗಿದರೆ ದಂಡ ಅಲುಗಾಡುವುದಿಲ್ಲ. ನಟ್ಟು ತಿರುಗಿಸುವುದು ಬಿಚ್ಚಿದ ಲೆಕ್ಕವಲ್ಲ, ಅದರಿಂದ ವಾಲ್ವಿನ ಗುಣ ಬದಲಾಗುವುದಿಲ್ಲ. ಕಮಲಾಕ್ಷಿ ಕಣ್ಣರಳಿಸಿ ಎದ್ದು ನಿಂತಳು.

“ಇದನ್ನ ಬಿಗಿ ಮಾಡಿದೋರು ಯಾರು? ಇನ್ನು ತಿರುಗ್ಸೋಕೆ ಒಂದು ಸುತ್ತೂ ಉಳಿದಿಲ್ಲ!”

ದಾದಾಪೀರ್ ತೋರಣದ ಎಲೆಗಳನ್ನು ನೋಡತೊಡಗಿದ.

“ದಾದಾಪೀರಣ್ಣ?”

“ಒಂದೇ ಒಂದು ಚೂರು ಕಣಮ್ಮ” ಎಂದ ಅವನು. “ಬುಡದಲ್ಲಿ ಹಬೆ ಜಿನುಗ್ತಾ ಇತ್ತು. ಜಿನುಗೋದು ಕಂಡ್ರೆ ನೀನು ಬಿಚ್ಚಿಬಿಡ್ತೀಯ, ನೀಲಕ್ಕ ಹೋಗ್ಬಿಡ್ತಾಳೆ ಅಂತ... ಇಷ್ಟೇ ಇಷ್ಟು ತಿರುಗಿಸಿದೆ. ಆಗಾಗ.”

“ಓಹೋ, ನೀನಾ?” ಎಂದ ಭುಜಂಗಯ್ಯ. “ನಾನು ನಾನೊಬ್ಬನೇ ಅಂದ್ಕೊಂಡಿದ್ದೆ. ಹೋಟ್ಲು ತೆಗೆಯೋಕೆ ಮುಂಚೆ, ಯಾರಿಗೂ ಕಾಣದ ಹಾಗೆ.”

“ಥೂ ನಿಮ್ಮ!” ಎಂದಳು ಸಾಕಮ್ಮ. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, “ನಮ್ಮ ಮನೆ ಒನಕೆ ತೂರಿಸಿ ನಾನೂ ಒಂದೆರಡು ಸಲ ಮೀಟಿದೀನಿ” ಎಂದಳು.

“ಒನಕೆ!” ಎಂದು ಕಮಲಾಕ್ಷಿ ಹಣೆ ಬಡಿದುಕೊಂಡಳು. ಎಲ್ಲರೂ ನನ್ನ ಕಡೆ ತಿರುಗಿ, ಅಪರಾಧಿಗಳಂತೆ ನಿಂತರು. ನನಗೆ ಅವರ ಮುಖ ನೋಡಲಾಗಲಿಲ್ಲ. ಏಕೆಂದರೆ ಪ್ರತಿ ಹುಣ್ಣಿಮೆಯ ಮುಂಜಾನೆ, ಬೀದಿ ಏಳುವ ಮೊದಲೇ, ಪಂಚೆಯ ಮಡಿಕೆಯಲ್ಲಿ ಸ್ಪ್ಯಾನರು ಬಚ್ಚಿಟ್ಟುಕೊಂಡು ಬಂದು ಕೂದಲೆಳೆಯಷ್ಟು ಬಿಗಿಮಾಡಿ ಹೋಗುತ್ತಿದ್ದವನು ನಾನೂ ಆಗಿದ್ದೆ. ಸ್ಪ್ಯಾನರು ಮುಟ್ಟುವುದಿಲ್ಲವೆಂಬ ನನ್ನ ವ್ರತ ಅಷ್ಟರಮಟ್ಟಿಗಿನದು. ಕೂದಲೆಳೆಯಷ್ಟರಿಂದ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

“ನಾನೂ” ಎಂದೆ.

ಕಮಲಾಕ್ಷಿ ಎರಡು ಕೈಯನ್ನೂ ಸೊಂಟಕ್ಕಿಟ್ಟು, “ಚೆನ್ನಾಗಿದೆ ಕಣ್ರೀ! ಅವ್ವನ್ನ ಉಳಿಸ್ಕೋತೀವಿ ಅಂತ ಬೀದಿ ಬೀದೀನೇ ಸೇರಿ ಅವಳ ಕುತ್ತಿಗೆ ಹಿಸುಕ್ತಾ ಇದೀರಲ್ಲ! ಪಾಪ, ಅವಳು ಹೊರಡೋದಾದ್ರೂ ಹೇಗೆ?” ಎಂದಳು.

ಮೊದಲು ನಕ್ಕದ್ದು ಮಂಗಳ. ಬಾಣಂತಿ ನಗಬಾರದೆಂದು ಬಾಯಿಗೆ ಬಟ್ಟೆ ಒತ್ತಿಕೊಂಡಳು, ಆಗಲಿಲ್ಲ. ಆಮೇಲೆ ಸಾಕಮ್ಮ, ಆಮೇಲೆ ಭುಜಂಗಯ್ಯ ಇಡ್ಲಿಪುಡಿಯ ತಟ್ಟೆ ಸಮೇತ. ದಾದಾಪೀರ್, “ಒನಕೆ ಅಂತೆ ಒನಕೆ!” ಎಂದು ಕಂಬ ಹಿಡಿದುಕೊಂಡು ಕುಸಿದ. ನನ್ನ ಹೊಟ್ಟೆಯ ಎಲ್ಲೋ ಆಳದಲ್ಲಿ ಏನೋ ಕದಲಿತು. ನೋವೆಂದುಕೊಂಡೆ. ಅದು ಎದೆಗೆ ಬಂತು, ಗಂಟಲಿಗೆ ಬಂತು, ಬಾಯಿ ತೆರೆದರೆ ನಗು. ನೀಲಾ ಹೋದ ಮೇಲೆ ನಾನು ಹಾಗೆ ನಕ್ಕಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು, ಪಕ್ಕೆ ಹಿಡಿದುಕೊಳ್ಳುವಷ್ಟು ನಕ್ಕೆ. ಅವಳಿದ್ದಿದ್ದರೆ ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದಳು ಎಂದು ಹೊಳೆದು ಇನ್ನೂ ನಕ್ಕೆ.

ಕಮಲಾಕ್ಷಿ ಅಷ್ಟರಲ್ಲೇ ನನ್ನ ಕೈಗೆ ಸ್ಪ್ಯಾನರು ತುರುಕಿದಳು. “ನಗು ನಿಲ್ಲೋಕೆ ಮುಂಚೆ ಶುರು ಮಾಡಿ ಅಪ್ಪಾಜಿ.”

ಶಿವ ಶಿವ ಎಂದು ಮೊದಲ ನಟ್ಟಿಗೆ ಕೈಹಾಕಿದೆ. ಅದು ಕಿರ್ರೆಂದು ಸಡಿಲವಾದಾಗ ವಾಲ್ವು ನಿಟ್ಟುಸಿರು ಬಿಟ್ಟಂತೆ ಒಂದು ಸದ್ದಾಯಿತು. ಅವಳ ಕೈ ಹೋಯಿತು ಎಂದುಕೊಂಡೆ. ಕೈ ನಿಲ್ಲಿಸಲಿಲ್ಲ. ಅಣಬೆತಲೆಯನ್ನು ಆಡಿಸುವ ಗಾಳಿಯ ನಳಿಕೆ ಬಿಡಿಸಿದೆ. ಅಣಬೆತಲೆಯನ್ನು ಭುಜಂಗಯ್ಯ, ದಾದಾಪೀರ್ ಇಬ್ಬರೂ ಸರಪಳಿ ರಾಟೆಯಿಂದ ಎತ್ತಿ ಇಳಿಸಿದರು. ಅದರ ಕೆಳಗಿನ ಮುಚ್ಚಳದ ನಟ್ಟುಗಳನ್ನು ಎದುರುಬದುರಾಗಿ ಸಡಿಲಿಸುತ್ತಾ ಬಂದೆ. ಹಳೆಯ ಪ್ಯಾಕಿಂಗನ್ನು ಕೊಕ್ಕೆಯಿಂದ ಎಳೆದರೆ ಅದು ಹಳೆಯ ಬೆಲ್ಲದಂತೆ ಕಪ್ಪಾಗಿ ಕಲ್ಲಾಗಿತ್ತು. ತಳದ ಉಂಗುರವೊಂದು ಮಾತ್ರ ಇನ್ನೂ ಮೃದುವಾಗಿತ್ತು. ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿದ ಬಾಯಿ. ಅದು ಅವಳು ಕತ್ತರಿಸುತ್ತಿದ್ದ ರೀತಿ. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿರುವಾಗ ಕಮಲಾಕ್ಷಿ ಮೆಲ್ಲಗೆ, “ಇಟ್ಕೋತೀರಾ?” ಎಂದಳು.

“ಬೇಡ. ಇದರ ಕೆಲಸ ಮುಗಿಯಿತು” ಎಂದು ಉಳಿದ ಚೂರುಗಳ ಜೊತೆಗೆ ಬುಟ್ಟಿಗೆ ಹಾಕಿದೆ.

ಹಬೆಯ ದಾರಿಯನ್ನು ಮುಚ್ಚುವ ಬಿರಡೆ, ಅದು ಕೂರುವ ಬಳೆ, ಎರಡಕ್ಕೂ ಉಜ್ಜುವ ಪೇಸ್ಟ್ ಹಚ್ಚಿ, ಮೊಸರು ಕಡೆಯುವಂತೆ ಅತ್ತಿತ್ತ ತಿರುಗಿಸುತ್ತಾ ಕುಳಿತೆ. ಆ ಕೆಲಸಕ್ಕೆ ಅವಸರ ಸಲ್ಲದು. ನನ್ನ ಸುತ್ತ ಬೀದಿ ಹಬ್ಬ ಮಾಡುತ್ತಿತ್ತು. ಸಾಕಮ್ಮ ನನ್ನ ಕೈ ಗ್ರೀಸಾಗಿದ್ದರಿಂದ ಹೋಳಿಗೆಯನ್ನು ನನ್ನ ಬಾಯಿಗೇ ತುರುಕಿದಳು. ಮಂಗಳ ಊಟಕ್ಕೆ ಏಳುವಾಗ, “ಮಾವ, ಒಂದು ಗಳಿಗೆ” ಎಂದು ಮಗುವನ್ನು ನನ್ನ ಮಡಿಲಿಗೇ ಮಲಗಿಸಿ ಹೋದಳು. ನಾನು ಉಜ್ಜುವುದನ್ನು ನಿಲ್ಲಿಸದೆ ಮೊಣಕಾಲು ಅಲ್ಲಾಡಿಸುತ್ತಿದ್ದೆ. ಮಗು ನನ್ನನ್ನು ದಿಟ್ಟಿಸಿ ನೋಡಿ, ಬಹಳ ಸಾವಕಾಶವಾಗಿ ನನ್ನ ಮಡಿಪಂಚೆಯನ್ನೆಲ್ಲ ಒದ್ದೆ ಮಾಡಿತು.

“ಅಯ್ಯೋ!” ಎಂದು ಸಾಕಮ್ಮ ಓಡಿಬಂದಳು.

“ಇರಲಿ ಬಿಡಮ್ಮ. ಇವತ್ತು ಊರಿಗೆಲ್ಲ ಇದೊಂದೇ ಬಿಸಿನೀರು” ಎಂದೆ. ಬೀದಿ ಮತ್ತೊಮ್ಮೆ ನಕ್ಕಿತು.

ಸಂದು ಉಳಿದಿದೆಯೋ ಎಂದು ನೋಡಲು ಬಿರಡೆಗೆ ನೀಲಿ ಬಣ್ಣ ಸವರಿ ಬಳೆಯಲ್ಲಿ ಕೂರಿಸಿ ಎತ್ತಿದಾಗ ಸುತ್ತಲೂ ಎಲ್ಲೂ ತುಂಡಾಗದ ಒಂದು ತೆಳು ಗೆರೆ ಮೂಡಿತು. ಕಮಲಾಕ್ಷಿ ನೋಡಿ ತಲೆದೂಗಿದಳು. ಹೊಸ ಪ್ಯಾಕಿಂಗನ್ನು ಓರೆಯಾಗಿ ಕತ್ತರಿಸಿದೆ, ಉಂಗುರಗಳ ಬಾಯಿ ಒಂದರ ಮೇಲೊಂದು ಬಾರದಂತೆ ತಿರುಗಿಸಿ ಕೂರಿಸಿದೆ. ಅಣಬೆತಲೆಯನ್ನು ಮತ್ತೆ ಕೂರಿಸಿ, ಕೊನೆಗೆ ಪ್ಯಾಕಿಂಗಿನ ಮೇಲಿನ ನಟ್ಟುಗಳನ್ನು ಬೆರಳಿನಿಂದಲೇ ಬಿಗಿದು, ಸ್ಪ್ಯಾನರನ್ನು ಕೆಳಗಿಟ್ಟೆ. ದಂಡ ಬೆಣ್ಣೆಯಲ್ಲಿ ಆಡುವಂತೆ ಆಡಿತು. ಆ ಹೊತ್ತಿಗೆ ಬಿಸಿಲು ಗುಡ್ಡದ ಹಿಂದೆ ಸರಿದಿತ್ತು.

ಮರುದಿನ ಬೆಳಿಗ್ಗೆ ಹಬೆ ಬಿಡುವ ಹೊತ್ತು. ಪೂಜೆಯಲ್ಲಿ ಕುಳಿತರೂ ನನ್ನ ಮನಸ್ಸು ನಿಲ್ಲಲಿಲ್ಲ. ನನ್ನ ಕೈ ತಿಳಿಯಾಗಿತ್ತೋ ಇಲ್ಲವೋ? ನಕ್ಕದ್ದು ನಿಜ, ಆದರೆ ಆ ಒಂದು ಉಂಗುರವನ್ನು ಕೈಯಲ್ಲಿಟ್ಟುಕೊಂಡಾಗ ಎದೆಯಲ್ಲಿ ಆದದ್ದೂ ನಿಜ. ಬೀದಿಯ ಸಾರಿಗೆಲ್ಲ ನನ್ನ ಕಣ್ಣೀರು ಬೆರೆತರೆ? ಆ ಕೂಸಿನ ನೀರಿಗೆ? ‘ಸ್ವಾಮಿ, ನನ್ನ ಭಾರ ನನಗೇ ಇರಲಿ, ಬೀದಿಗೆ ಹಂಚಬೇಡ’ ಎಂದು ಬೇಡಿಕೊಂಡು ಹೊರಬಂದೆ.

ಬೀದಿಯವರೆಲ್ಲ ವಾಲ್ವಿನ ಎದುರು ನೆರೆದಿದ್ದರು. ಕಮಲಾಕ್ಷಿಯೂ ಬಂದಿದ್ದಳು. ನನ್ನ ಕಲ್ಲುಬೆಂಚನ್ನು ಯಾರೋ ತೊಳೆದಿದ್ದರು, ಅಲ್ಲಿ ಕುಳಿತೆ. ಭುಜಂಗಯ್ಯ ಹೋಟೆಲಿನಿಂದ ಕೂಗಿ ಹೇಳಿದ: “ಇಡ್ಲಿ ಇಟ್ಟೆ! ಹಬೆ ಬಿಟ್ಟೆ!”

ಮುಳ್ಳು ಅಲುಗಿತು. ನಾನು ಕಟ್ಟುವ ವಾಲ್ವುಗಳು ಎಂದಿನಿಂದಲೂ ನಿಧಾನ. ಒಂದೊಂದೇ ಗೆರೆ ಹತ್ತುತ್ತಾ ಬಂತು. ಯಾರೂ ಅಳುತ್ತಿರಲಿಲ್ಲ. ಸಾಕಮ್ಮ ತನ್ನ ಕಣ್ಣು ಮುಟ್ಟಿ ನೋಡಿಕೊಂಡು, “ನಂಗೇನೂ ಆಗ್ತಿಲ್ಲಪ್ಪ, ಹಸಿವಾಗ್ತಿದೆ ಅಷ್ಟೆ” ಎಂದಳು. ಮುಳ್ಳು ನಡುಗೆರೆಯ ಹತ್ತಿರ ಬಂತು. ಇನ್ನು ಅದನ್ನು ದಾಟಿ ಹೋಗುತ್ತದೆ, ಅಲ್ಲಿ ಯಾರೂ ನಿಲ್ಲುವುದಿಲ್ಲ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡೆ.

ನಡುಗೆರೆ ಮುಟ್ಟುವ ಮೊದಲೇ ಮುಳ್ಳು ನಿಂತಿತು.

ಬೀದಿ ಉಸಿರು ಹಿಡಿಯಿತು. “ನೀಲಕ್ಕ ನಿಂತ್ಲು...” ಎಂದು ಅಭ್ಯಾಸಬಲದಿಂದ ಯಾರೋ ಅಂದರು. ದಾದಾಪೀರ್ ಮುಂದೆ ಬಗ್ಗಿ ನೋಡಿ, “ಅಲ್ಲ ಕಣಣ್ಣ. ನೀಲಕ್ಕ ನಿಲ್ಲೋ ಜಾಗ ಇದಲ್ಲ. ಅದು ನಡುಗೆರೆ. ಇದು ಒಂದು ಗೆರೆ ಕೆಳಗೆ ನಿಂತಿದೆ” ಎಂದ.

ಕಮಲಾಕ್ಷಿ, “ಪ್ಯಾಕಿಂಗ್ ಬಿಗಿಯಾಯ್ತಾ ಅಪ್ಪಾಜಿ?” ಎಂದಳು.

ಬಿಗಿಯಾಗಿರಲಿಲ್ಲ. ಆ ಜಾಗವನ್ನು ನಾನು ಬಲ್ಲೆ. ಹೊಂಗೆಮರದ ನೆರಳು ಮುಗಿಯುವಲ್ಲಿ, ಒಂದು ಮೆಟ್ಟಿಲು ಕೆಳಗೆ, ಏದುಸಿರು ಬಿಡುತ್ತಾ, ತಲೆಯೆತ್ತಿ ಅವಳ ಮುಖ ನೋಡುತ್ತಾ ನಾನು ಜೀವಮಾನವೆಲ್ಲ ನಿಂತ ಜಾಗ ಅದು. ನಿಲ್ಲುವುದು ಅವಳೊಬ್ಬಳ ಗುಣವೆಂದುಕೊಂಡಿದ್ದೆ. ಅವಳು ನಿಂತಾಗಲೆಲ್ಲ ನಾನೂ ನಿಂತಿದ್ದೆನಲ್ಲ.

ನಡುಗೆರೆಯ ಮೇಲೆ ಏನೂ ಇರಲಿಲ್ಲ. ಬೆಳಗಿನ ಎಳೆಬಿಸಿಲು ತಗಡಿನ ಆ ಗೆರೆಯ ಮೇಲಷ್ಟೇ ಬಿದ್ದಿತ್ತು.

“ಬಂದೆ” ಎಂದೆ.

ಮುಳ್ಳು ಹೊರಟಿತು. ನಡುಗೆರೆಯನ್ನು ದಾಟಿ ಸರಾಗವಾಗಿ, ಎಲ್ಲೂ ನಿಲ್ಲದೆ, ತಗಡಿನ ತುದಿಯವರೆಗೆ ಹತ್ತಿತು. ಸಾಕಮ್ಮನ ಬಚ್ಚಲಿನಲ್ಲಿ ಹಂಡೆ ಗುಂಯ್ ಎಂದು ಹಾಡತೊಡಗಿತು. “ನೀರು ಕಾಯ್ತು, ನೀರು ಕಾಯ್ತು!” ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಗು ಗಟ್ಟಿಯಾಗಿ ಕಿರುಚಿತು. ನಾನು ಬೆಚ್ಚಿ ಎದ್ದು ನಿಂತೆ.

“ಗಾಬರಿಯಾಗ್ಬೇಡಿ ಮರುಳಪ್ನೋರೆ” ಎಂದು ಸಾಕಮ್ಮ ಒಳಗಿನಿಂದಲೇ ಕೂಗಿದಳು. “ಇದು ಅಳು ಅಲ್ಲ. ನೀರು ಹಾಕೋದು ನಿಲ್ಲಿಸಿದ್ದಕ್ಕೆ ಜಗಳ!”